ಹೊಗೆಯಿಲ್ಲದ ಉದ್ಯೋಗವೆಂದು ನಾನೇ ಬರೆದೆ

ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ಸೆಂಟರ್ ತೆರೆದಾಗ ಊರಲ್ಲಿ ಸುದ್ದಿಯಾದದ್ದು ಕಂಪ್ಯೂಟರ್ ಅಲ್ಲ, ಚಪ್ಪಲಿ. ಯಾರೇ ಬರಲಿ, ಚಪ್ಪಲಿ ಹೊರಗೇ ಬಿಡಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಅಸೂಟಿಯಿಂದ ಮಗಳ ಫಲಿತಾಂಶ ನೋಡಲು ಬಂದ ರೈತರೊಬ್ಬರು ಚೀಟಿ ಓದಿಸಿಕೊಂಡು, "ಗುಡಿಗೆ ಬಂದಂಗಾತಲ್ಲವಾ ಇದು" ಎಂದು ನಕ್ಕು, ಚಪ್ಪಲಿ ಬಿಟ್ಟಿದ್ದಲ್ಲದೆ ಪಕ್ಕದ ನಳದಲ್ಲಿ ಕಾಲನ್ನೂ ತೊಳೆದುಕೊಂಡು ಒಳಗೆ ಬಂದರು. ನೆಲದ ತುಂಬ ಒದ್ದೆ ಹೆಜ್ಜೆ. ಬೇರೆಯವರಾಗಿದ್ದರೆ ಅವರ ಜೊತೆ ನಕ್ಕುಬಿಡುತ್ತಿದ್ದರು. ನಾನು ಅವರೆದುರೇ ಬಟ್ಟೆ ತಂದು ಒರೆಸಿದೆ. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಧೂಳು ಕಂಡರೆ ಸಿಟ್ಟು, ಹೊಗೆ ಕಂಡರೆ ಇನ್ನೂ ಸಿಟ್ಟು. ಇದಕ್ಕೆ ಕಾರಣವೂ ಇತ್ತು. ಹತ್ತಿಕಟ್ಟಿಗೆಯ ಒಲೆ ಊದಿ ಊದಿ ನಮ್ಮ ಅವ್ವನ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ಕಡಲೆ ವ್ಯಾಪಾರ. ಪಡಸಾಲೆಯಿಂದ ದೇವರ ಕೋಣೆಯವರೆಗೆ ಹೊಟ್ಟು. ಗದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕಂಪ್ಯೂಟರ್ ಕಲಿತೆ. ತಣ್ಣಗಿನ ಆ ಕೋಣೆ, ಬಿಳಿ ಡಬ್ಬಿಗಳು, ಬೆರಳಿಗೆ ಮಸಿ ಹತ್ತದ ಕೆಲಸ. ಮಾಡಿದರೆ ಇಂಥದ್ದೇ ಮಾಡಬೇಕು ಎಂದು ಮನೆಯವರ ಮುಂದೆ ಹಟ ಹಿಡಿದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತಷ್ಟೆ. "ಎಲ್ಲ ಕಂಪ್ಯೂಟರ್ ಸೇವೆಗಳು ಇಲ್ಲಿ ದೊರೆಯುತ್ತವೆ" ಎಂದು ಬೋರ್ಡು ಬರೆಸಿದೆ. ಸೇವೆ ಎನ್ನುವ ಮಾತು ನನಗೆ ಬಹಳ ಇಷ್ಟವಾಗಿತ್ತು. ಏನನ್ನೂ ಸುಡದೆ, ಕುಟ್ಟದೆ, ಬೀಸದೆ ಮಾಡುವ ಕೆಲಸ ಎಂದು ಅದರ ಅರ್ಥ ಮಾಡಿಕೊಂಡಿದ್ದೆ.

ನನ್ನ ಅಂಗಡಿಗೆ ಹತ್ತಿದ ಕಟ್ಟೆಯ ಮೇಲೆ ಕಲಾಯಿ ಮಾಡುವ ಚಾಚಾ ಕೂರುತ್ತಿದ್ದರು. ನಾನು ಬರುವುದಕ್ಕೆ ಮೂವತ್ತು ವರ್ಷ ಮೊದಲಿನಿಂದ ಅವರದು ಅದೇ ಜಾಗ. ಕಟ್ಟೆಯ ನಡುವೆ ಒಂದು ಸಣ್ಣ ಕುಲುಮೆ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿ ಪಂಖ, ಒಂದು ಬುಟ್ಟಿ ಇದ್ದಲಿ. ಹಿತ್ತಾಳೆ ಪಾತೇಲಿಯನ್ನು ಕೆಂಪಗೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಅರಳೆಯಿಂದ ಒಂದೇ ಸುತ್ತು ತಿಕ್ಕಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಬಳಿದಂತಾಗುತ್ತಿತ್ತು. ಪುಡಿ ಬಿದ್ದ ಕ್ಷಣ ಮಾತ್ರ ದಪ್ಪಗೆ ಬಿಳಿ ಹೊಗೆ ಏಳುತ್ತಿತ್ತು. ಮೂಗಿಗೆ ಚುರುಕು ಹತ್ತುವ ಹೊಗೆ. ಎರಡು ನಿಮಿಷದಲ್ಲಿ ಅದು ಕರಗಿ ಹೋಗುತ್ತಿತ್ತು. ಪಂಚಮಿ, ದೀಪಾವಳಿ, ಮದುವೆಯ ಸೀಜನ್ನು ಬಂದರೆ ಕಟ್ಟೆಯ ಮುಂದೆ ಪಾತ್ರೆಗಳ ರಾಶಿ. ಉಳಿದ ದಿನ ಅವರು ತಗಡಿನ ಡಬ್ಬಿ, ಲಾಳಿಕೆ ಅಂತ ಏನಾದರೂ ಬಡಿಯುತ್ತ ಕೂತಿರುತ್ತಿದ್ದರು.

ಅವರ ಮನೆ ನನ್ನ ಅಂಗಡಿಯ ಹಿಂಗೋಡೆಯ ಆಚೆ. ಅಂಗಡಿ, ಕಟ್ಟೆ, ಮನೆ ಮೂರೂ ಒಬ್ಬ ಹಳೆಯ ಸಾಹುಕಾರರವು. ಚಾಚಿ ಹೊಳೆಆಲೂರಿನವರು, ಹಿತ್ತಲಲ್ಲಿ ಗೋಡೆಗೆ ಆತು ಕೂತು ಹಳೆಯ ಬಟ್ಟೆ ಜೋಡಿಸಿ ದಿನವಿಡೀ ಕೌದಿ ಹೊಲಿಯುತ್ತಿದ್ದರು. ರಂಜಾನಿಗೆ ಸುರಕುಂಬಾ ಪಾಯಸ ತುಂಬಿದ ಗಿಂಡಿಯನ್ನು ಗೋಡೆಯ ಮೇಲಿಂದಲೇ ಕೈಗೆ ಕೊಡುತ್ತಿದ್ದರು. ನಾನು ಹುಡುಗಿಯರಿಗೆ ಕಲಿಸುತ್ತಿದ್ದೆನಲ್ಲ, ಅದಕ್ಕೇ ಗಂಡ ಹೆಂಡತಿ ಇಬ್ಬರಿಗೂ ನಾನು ಸಾಲಿಯ 'ಅಕ್ಕಾರು'. ವಯಸ್ಸಿನಲ್ಲಿ ಅವರ ಮಗಳಷ್ಟಿದ್ದರೂ ಬಹುವಚನ ತಪ್ಪುತ್ತಿರಲಿಲ್ಲ. ನಾನು ಹೇಳಿದ್ದೆಲ್ಲ ಅವರಿಗೆ ಪುಸ್ತಕದಲ್ಲಿದ್ದ ಮಾತು.

ಆ ವರ್ಷಗಳಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದಕ್ಕೇ ಹೆಸರಾಗಿತ್ತು. ಬ್ಯಾಟರಿ ಅರ್ಧ ತಾಸಿಗೆ ಕೈ ಎತ್ತುತ್ತಿತ್ತು. ನಾನೊಂದು ಡೀಸೆಲ್ ಜನರೇಟರ್ ತಂದು ಬಾಗಿಲ ಬಳಿ ಇಟ್ಟೆ. ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಓಣಿಯ ತುಂಬ ಜನ. ಜನರೇಟರ್ ಚಾಲೂ ಮಾಡಿದ್ದೇ ತಡ, ಕರಿ ಹೊಗೆ ಅವರ ಮುಖದ ಮೇಲೇ ಹೋಗತೊಡಗಿತು. "ಏನ್ರೀ ಇದು, ಫಲಿತಾಂಶ ನೋಡಾಕ ಬಂದೇವೋ ಸಾಯಾಕ ಬಂದೇವೋ" ಎಂದು ಯಾರೋ ಕೂಗಿದರು. ನನಗೆ ಅವಮಾನವಾಯಿತು. ನನ್ನ ಸ್ವಚ್ಛ ಅಂಗಡಿಯ ಬಾಗಿಲಲ್ಲಿ ಹೊಗೆ!

ಕಟ್ಟೆಯ ಮೇಲಿದ್ದ ಚಾಚಾ ತಾವಾಗಿಯೇ ಎದ್ದು ಬಂದರು.

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ಮಶೀನ್ ಹಿಂದಕ್ಕ ಇಡೂಣು, ತಗಡ ಸುತ್ತಿ ಒಂದು ಪೈಪ್ ಮಾಡಿ ಕೊಡತೀನಿ. ಹೊಗಿ ಗ್ವಾಡಿ ಮ್ಯಾಲಿಂದ ಹೊಕ್ಕೈತಿ."

ಎರಡು ತಾಸಿನಲ್ಲಿ ಪೈಪು ತಯಾರಾಯಿತು. ಹಿಂಗೋಡೆಯ ಎತ್ತರಕ್ಕೆ ಏರಿಸಿ, ಬಾಯಿಯನ್ನು ಆಚೆ ಬಗ್ಗಿಸಿದರು. ಏಣಿಯ ಮೇಲೆ ನಿಂತೇ ಒಂದು ಸಲ ತಮ್ಮ ಹಿತ್ತಲ ಕಡೆ ನೋಡಿದರು.

"ಅಕ್ಕಾರ, ಈ ಕಡೆ ನಮ್ಮ ಹಿತ್ತಲ ಬರತೈತ್ರಿ. ಇನ್ನೊಂದು ಎರಡಾಳ ಎತ್ತರ ಏರಸಲೇನ್ರಿ? ತಗಡ ನಾಳೆ ತರತೀನಿ."

ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. ನಾಳೆಯವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಬ್ಯಾಡ್ರಿ ಚಾಚಾ, ಇಷ್ಟ ಸಾಕು. ಡೀಸೆಲ್ ಹೊಗಿ ಭಾಳ ಹಗುರ ಇರತೈತಿ, ಸೀದಾ ಮ್ಯಾಲ ಹೊಕ್ಕೈತಿ. ನಿಮ್ಮ ಇದ್ದಲಿ ಹೊಗಿ ಹಂಗ ಕೆಳಗ ಕುಂದರೂದಿಲ್ಲ."

ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಹೇಳುತ್ತಿರುವಾಗಲೇ ಸುಳ್ಳೆಂದು ಗೊತ್ತಿತ್ತು. ಚಾಚಾ ಏಣಿಯ ಮೇಲಿಂದ ತಲೆಯಾಡಿಸಿ, "ಹೌದೇನ್ರಿ? ನಮಗೇನ ಗೊತ್ತಾಕ್ಕೈತ್ರಿ ಇವೆಲ್ಲಾ" ಎಂದು ಇಳಿದು ಬಂದರು. ಮರುದಿನ ಏರಿಸಬಹುದಿತ್ತು. ಮರುವಾರ ಏರಿಸಬಹುದಿತ್ತು. ಓಣಿಯಲ್ಲಿ ಹೊಗೆ ಕಾಣುತ್ತಿರಲಿಲ್ಲ, ನಾನು ಮರೆತೆ. ಮರೆತೆ ಎನ್ನುವುದೂ ಪೂರಾ ಖರೇ ಅಲ್ಲ.

ಯಾಕೆಂದರೆ ಚಾಚಿಯ ಕೆಮ್ಮು ನನಗೆ ಕೇಳುತ್ತಿತ್ತು. ಮೊದಲ ಚಳಿಗಾಲದಲ್ಲಿ ನೆಗಡಿಯದಿರಬೇಕು ಅಂದುಕೊಂಡೆ. ಬೇಸಿಗೆಯಲ್ಲೂ ನಿಲ್ಲಲಿಲ್ಲ. ಜನರೇಟರ್ ಓಡುವಾಗ ಅದರ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಬಂದ್ ಮಾಡಿದ ಕೂಡಲೇ ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಒಂದು ದಿನ ಚಾಚಿ ಅರ್ಧ ಹೊಲಿದ ಕೌದಿಯನ್ನು ಗೋಡೆಯ ಮೇಲೆ ಹರವಿ ಗಂಡನಿಗೆ ಜಬರಿಸುತ್ತಿದ್ದರು. "ನೋಡ್ರಿಲ್ಲಿ, ನಿಮ್ಮ ಕುಲಮಿ ಮಸಿ ಹಾರಿ ಹಾರಿ ನನ್ನ ಕೌದಿ ಹೊಲಸ ಆತು! ಬಿಳೆ ಅರಿವಿ ಎಲ್ಲೆ ಉಳೀತು?" ಚಾಚಾ ತಪ್ಪಿತಸ್ಥನ ಹಾಗೆ ನಗುತ್ತಿದ್ದರು. ನಾನು ಗೋಡೆಯ ಈಚೆ ನಿಂತು ಆ ಚುಕ್ಕೆಯೊಂದನ್ನು ಬೆರಳಿನಿಂದ ಮುಟ್ಟಿದೆ. ಇದ್ದಲಿಯ ಮಸಿ ಜಾಡಿಸಿದರೆ ಉದುರುತ್ತದೆ. ಇದು ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟಿತು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಒಳಗೆ ಹೋದೆ.

ಮೂರನೆಯ ವರ್ಷ ಅಂಗಡಿ ಬೆಳೆಯಿತು. ಹತ್ತು ಕಂಪ್ಯೂಟರ್, ಎ.ಸಿ., ಬಾಗಿಲಿಗೆ ಕರಿ ಗಾಜು. ದೊಡ್ಡ ಮನೆತನದ ಹುಡುಗಿಯರು ಕಲಿಯಲು ಬರತೊಡಗಿದರು. ಆ ದೀಪಾವಳಿಯ ಮುಂದೆ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದವಳು ಬಾಗಿಲಲ್ಲೇ ನಿಂತಳು. ಸರಿಯಾಗಿ ಅದೇ ಹೊತ್ತಿಗೆ ಚಾಚಾ ಪುಡಿ ಉದುರಿಸಿದ್ದರು. ಬಿಳಿ ಹೊಗೆ ಅವಳ ಜರಿ ಸೀರೆಯ ಮೇಲೆ ಸುಳಿಯಿತು. "ಛೀ, ಏನ ವಾಸನಿರಿ ಇದು! ಇಂಥಾ ಹೊಗಿಯೊಳಗ ನಮ್ಮ ಹುಡುಗಿ ಕುಂದರಬೇಕೇನು?" ಎಂದು ಮೂಗು ಮುಚ್ಚಿಕೊಂಡು ಮಗಳ ಕೈ ಹಿಡಿದು ಹೊರಟೇಹೋದಳು.

ನನ್ನ ಪಿತ್ತ ನೆತ್ತಿಗೇರಿತು. ಸೀದಾ ಕಟ್ಟೆಯ ಮುಂದೆ ಹೋಗಿ ನಿಂತೆ.

"ಚಾಚಾ, ಇದನ್ನ ಬ್ಯಾರೆ ಕಡೆ ಮಾಡಾಕ ಆಗೂದಿಲ್ಲೇನ್ರಿ? ಮಂದಿ ಓಡಿ ಹೋಗಾಕ ಹತ್ಯಾರ."

"ಮೂವತ್ತ ವರ್ಷ ಆತ್ರಿ ಅಕ್ಕಾರ ಇಲ್ಲೇ ಕುಂತು. ಹಬ್ಬದ ಮುಂದ ನಾಕ ದಿನ ಜಾಸ್ತಿ ಇರತೈತಿ, ಆಮ್ಯಾಲ ಎಲ್ಲೈತ್ರಿ? ನಾಕ ದಿನ ಬಾಗಲಾ ಹಾಕ್ಕೋರಿ ತಾಯಿ."

ಅಷ್ಟೇ ಹೇಳಿದ್ದು, ಅದೂ ನಗುತ್ತ. ಆದರೆ ನನಗೆ ಅದು ಎದುರುತ್ತರದ ಹಾಗೆ ಕೇಳಿಸಿತು. ನಾನು ಬಾಗಿಲು ಹಾಕಿಕೊಳ್ಳಬೇಕಂತೆ, ನಾನು!

ಮರುದಿನ ಮಧ್ಯಾಹ್ನ ಕೂತು ಸಾಹುಕಾರರಿಗೆ ಒಂದು ಅರ್ಜಿ ಟೈಪ್ ಮಾಡಿದೆ. ಬೇರೆಯವರ ಅರ್ಜಿಗಳನ್ನು ದಿನಾ ಬರೆದು ಬರೆದು ನನಗೆ ಆ ಭಾಷೆ ನೀರು ಕುಡಿದಷ್ಟು ಸುಲಭ. "ಸದರಿ ಕುಲುಮೆಯಿಂದ ಹೊರಸೂಸುವ ವಿಷಕಾರಿ ಹೊಗೆಯಿಂದ ಓಣಿಯ ನಿವಾಸಿಗಳ ಆರೋಗ್ಯಕ್ಕೆ ಧಕ್ಕೆಯಾಗುತ್ತಿದ್ದು" ಎಂದು ಶುರು ಮಾಡಿದೆ. "ಪಕ್ಕದಲ್ಲಿ ಹೊಗೆಯಿಲ್ಲದ, ಧೂಳಿಲ್ಲದ, ಯಾರಿಗೂ ತೊಂದರೆ ಕೊಡದ ಉದ್ಯೋಗ ನಡೆಸುತ್ತಿರುವ ನಮ್ಮಂಥವರಿಗೆ" ಎಂದು ಮುಂದುವರಿಸಿದೆ. ಆದರೂ ಯಾಕೋ ಬಲ ಸಾಲದು ಅನಿಸಿತು. ಸಾಕ್ಷಿ ಬೇಕಾಗಿತ್ತು. ಆಗ ಬರೆದೆ: "ಸದರಿಯವರ ಪತ್ನಿಯೇ ಕಳೆದ ಎರಡು ವರ್ಷಗಳಿಂದ ಕೆಮ್ಮಿನಿಂದ ನರಳುತ್ತಿರುವುದು ಈ ಹೊಗೆಯ ದುಷ್ಪರಿಣಾಮಕ್ಕೆ ಜೀವಂತ ಸಾಕ್ಷಿಯಾಗಿರುತ್ತದೆ."

ಅದನ್ನು ಟೈಪ್ ಮಾಡುವಾಗ ಕರೆಂಟು ಇರಲಿಲ್ಲ. ಹಿಂದೆ ಜನರೇಟರ್ ಓಡುತ್ತಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಮನೆಯವರಿಗೂ ಹೇಳಿಲ್ಲ. ಬರೆಯುತ್ತಿದ್ದ ಕೈ ನನ್ನದು, ಗೋಡೆಯಾಚೆ ಹೋಗುತ್ತಿದ್ದ ಹೊಗೆ ನನ್ನದು, ಕೆಮ್ಮನ್ನು ಮಾತ್ರ ಎತ್ತಿ ಇನ್ನೊಬ್ಬರ ತಲೆಗೆ ಕಟ್ಟಿದೆ. ಥೂ ನನ್ನ ಜನ್ಮಕ್ಕೆ ಎಂದು ಈಗ ಅಂದುಕೊಳ್ಳುತ್ತೇನೆ. ಆಗ ಒತ್ತಕ್ಷರ ಸರಿಯಾಗಿದೆಯೇ ಎಂದು ಎರಡು ಸಲ ಓದಿ ನೋಡಿದ್ದೆ.

ಓಣಿಯ ಅಂಗಡಿಯವರು ಸಹಿ ಹಾಕಿದರು. ಚಾಚಾನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅಕ್ಕಾರು ಬರೆದಿದ್ದಾರೆ, ಅಚ್ಚಿನ ಹಾಳೆ ಬೇರೆ. ಭಾನುವಾರ ಬೆಳಗ್ಗೆ ಸಾಹುಕಾರರು ಬಂದು ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದಿದರು. ಚಾಚಾಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಕೈಕಟ್ಟಿ ನಿಂತು ಕೇಳಿದರು. ಬಾಗಿಲ ಮರೆಯಲ್ಲಿ ಚಾಚಿ. ಪತ್ನಿಯ ಕೆಮ್ಮಿನ ಮಾತು ಬಂದಾಗ ಚಾಚಾ ತಟ್ಟನೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ, ಆ ಪೈಪಿನ ಮಾತು ಎತ್ತುತ್ತಾರೆ ಎಂದುಕೊಂಡೆ.

"ಅಕ್ಕಾರ, ಖರೇನ ಏನ್ರಿ ಇದು? ನನ್ನ ಕುಲಮಿಯಿಂದನ ಆಕಿಗೆ ಹಿಂಗಾಗೈತೇನ್ರಿ?"

ಜಗಳವಲ್ಲ ಅದು. ಬರೀ ಕೇಳಿದ್ದು. ಓದಿದವರನ್ನು ಓದದವರು ಕೇಳುವ ಹಾಗೆ. ಓಣಿಯೆಲ್ಲ ನನ್ನ ಬಾಯಿ ನೋಡುತ್ತಿತ್ತು.

"ಹೌದ್ರಿ ಚಾಚಾ" ಅಂದೆ.

ಸಾಹುಕಾರರು "ಜಾಗಾ ಖಾಲಿ ಮಾಡೂದು ಬ್ಯಾಡ, ಕುಲಮಿ ಅಷ್ಟ ಬಂದ್ ಮಾಡು, ಡಬ್ಬಿ ಬಡಕೋತ ಕುಂದರು" ಎಂದರು. ಆದರೆ ಕುಲುಮೆಯಿಲ್ಲದ ಕಟ್ಟೆಯಲ್ಲಿ ಕೂತು ಅವರು ಏನು ಮಾಡಬೇಕು? ಒಂದು ವಾರದೊಳಗೆ ಮನೆಯ ಸಾಮಾನೂ ಟೆಂಪೋ ಏರಿತು. ಗಜೇಂದ್ರಗಡದಲ್ಲಿ ಚಾಚಿಯ ತಂಗಿ ಇದ್ದಳಂತೆ. ಹೊರಡುವ ಮುಂದೆ ಚಾಚಾ ನನ್ನ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, "ನಿಮಗ ಭಾಳ ತ್ರಾಸ ಕೊಟ್ನಿ, ಮಾಫ್ ಮಾಡ್ರಿ" ಎಂದರು. ನಾನು "ಅಯ್ಯ, ಹಂಗ್ಯಾಕ ಅಂತೀರಿ" ಎಂದು ಕಂಪ್ಯೂಟರಿನ ಕಡೆ ಮುಖ ಮಾಡಿದೆ.

ಖಾಲಿಯಾದ ಕಟ್ಟೆಯನ್ನು ನಾನೇ ಹಿಡಿದೆ. ಅಲ್ಲಿ ಇನ್ನೂ ದೊಡ್ಡ ಜನರೇಟರ್ ತಂದು ಕೂರಿಸಿದೆ, ಎ.ಸಿ.ಗೆ ಹಳೆಯದು ಸಾಲುತ್ತಿರಲಿಲ್ಲ. ಯಾರೂ ಅರ್ಜಿ ಬರೆಯಲಿಲ್ಲ. ಓಣಿಯಲ್ಲಿ ಅರ್ಜಿ ಬರೆಯುವವಳು ನಾನೊಬ್ಬಳೇ.

ಒಂದು ಸಂಜೆ ಮೀಟರು ನೋಡಲು ಬಂದ ಲೈನ್‌ಮನ್ ಡೀಸೆಲ್ ಕ್ಯಾನುಗಳ ಸಾಲನ್ನು ಕಂಡು ನಕ್ಕ. ನಾನು ಎಂದಿನಂತೆ, ನೀವು ಸರಿಯಾಗಿ ಕರೆಂಟು ಕೊಟ್ಟರೆ ಇದೆಲ್ಲ ಯಾಕೆ ಬೇಕು, ಕರೆಂಟಿಗೆ ಹೊಗೆಯೇ ಇಲ್ಲ ಎಂದು ಅವನ ಮೇಲೆ ಹಾರಿದೆ.

"ಹೊಗಿ ಇಲ್ಲ? ಯಾರ ಹೇಳ್ಯಾರ್ರಿ ನಿಮಗ? ರಾಯಚೂರ ಕಡೆ ಹೋಗಿ ನೋಡಿ ಬರ್ರಿ ಒಮ್ಮೆ. ರೈಲಗಟ್ಟಲೆ ಕಲ್ಲಿದ್ದಲಿ ಸುಡತಾರ. ಇಲ್ಲಿ ನಿಮ್ಮ ಎ.ಸಿ. ತಣ್ಣಗ ಇರಬೇಕಂದ್ರ ಅಲ್ಲಿ ಉರೀಬೇಕು. ಆ ಕಲಾಯಿ ಚಾಚಾ ವಾರಕ್ಕ ಎಷ್ಟ ಸುಡತಿದ್ದ? ಒಂದ ಬುಟ್ಟಿ. ನಿಮ್ಮ ಒಂದ ಮಧ್ಯಾಹ್ನಕ್ಕೂ ಅದು ಸಾಲೂದಿಲ್ಲ ಬಿಡ್ರಿ."

ಅವನು ತಮಾಷೆ ಮಾಡಿದ್ದು. ಬಿಲ್ಲಿನ ಚೀಟಿ ಹರಿದು ಕೊಟ್ಟು ಸೈಕಲ್ ಏರಿ ಹೋದ. ನನಗೆ ಮುಖಕ್ಕೆ ಹೊಡೆದಂತಾಯಿತು. ಒಳಗೆ ಹೋಗಿ ಎ.ಸಿ. ಬಂದ್ ಮಾಡಿದೆ. ಕಾಲು ತಾಸಿಗೆ ಹುಡುಗಿಯರು "ಸೆಕಿ ಆಗಾಕತ್ತೈತ್ರಿ ಅಕ್ಕಾರ" ಎಂದರು. ಮತ್ತೆ ಚಾಲೂ ಮಾಡಿದೆ. ನನ್ನ ಪಶ್ಚಾತ್ತಾಪದ ಆಯುಷ್ಯ ಅಷ್ಟು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮುಂದಿನ ವರ್ಷ ನರಗುಂದದ ಒಂದು ಕಾಲೇಜಿನವರು ಸ್ವಂತ ಉದ್ಯೋಗದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಶಾಲು ಹೊದಿಸಿ ಕೂರಿಸಿದರು. ಲೈನ್‌ಮನ್ ಹೇಳಿದ್ದು ನೆನಪಿತ್ತು, ಆದರೂ ನಾನು ಅಲ್ಲಿ ನಿಂತು ಹೇಳಿದ್ದೇನು? "ನಮ್ಮ ಹಿರಿಯರು ಮಣ್ಣಿನಲ್ಲಿ, ಹೊಗೆಯಲ್ಲಿ ದುಡಿದರು. ನಿಮ್ಮ ಕಾಲ ಸೇವೆಯ ಕಾಲ. ಕೈಗೆ ಮಸಿ ಹತ್ತದ ಹಾಗೆ, ಭೂಮಿತಾಯಿಗೆ ನೋವಾಗದ ಹಾಗೆ ದುಡಿಯಬಹುದು." ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಕರೆಂಟ್ ಹೋದ್ರ ಏನ ಮಾಡತೀರಿ ಮೇಡಂ?"

ಸಭೆ ಗೊಳ್ಳೆಂದು ನಕ್ಕಿತು. ಹೇಳಬಹುದಿತ್ತು. ಅವಳು ಕೈಯಾರೆ ಬಾಗಿಲು ತೆರೆದುಕೊಟ್ಟಿದ್ದಳು. ನಾನು, "ಕರೆಂಟ್ ಹೋದ್ರ ನಿಮ್ಮಂಥಾ ಶಾಣ್ಯಾ ಹುಡುಗ್ಯಾರು ಇದ್ದಾರಲ್ಲ ಬೆಳಕ ಕೊಡಾಕ" ಎಂದೆ. ಮತ್ತೂ ಜೋರು ಚಪ್ಪಾಳೆ. ಹುಡುಗಿ ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಶಾಲನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ.

ಇನ್ನು ಮೂರು ವರ್ಷಕ್ಕೆ ಎಲ್ಲರ ಕೈಗೂ ಮೊಬೈಲ್ ಬಂತು. ಸೆಂಟರಿನದೊಂದು ಶಾಖೆಯನ್ನು ಗಜೇಂದ್ರಗಡದಲ್ಲಿ ಮಾಡೋಣವೆಂದು ಜಾಗ ನೋಡಲು ಹೋದೆ. ಗುಡ್ಡದ ಬದಿಯ ರಸ್ತೆಯಲ್ಲಿ ಒಂದು ಹೊಸ ಕಟ್ಟಡ ಖಾಲಿಯಿತ್ತು. ಅದರ ಪಕ್ಕದ ಬಯಲಿನಲ್ಲಿ ತಂತಿ ಬೇಲಿ ಹಾಕಿದ ಮೊಬೈಲ್ ಟವರು, ಅದರ ಬುಡದಲ್ಲಿ ತಗಡಿನ ಗೂಡಿನಂಥ ಜನರೇಟರ್, ಅದಕ್ಕೆ ಹತ್ತಿ ಒಂದು ಸಣ್ಣ ಕೋಣೆ. ಬೇಲಿಯೊಳಗೆ ಖಾಕಿ ಅಂಗಿ ಹಾಕಿಕೊಂಡ ಮುದುಕರೊಬ್ಬರು ಕ್ಯಾನಿನಿಂದ ಡೀಸೆಲ್ ಸುರಿಯುತ್ತಿದ್ದರು. ಸುರಿಯುವ ರೀತಿ ನೋಡಿ ಗುರುತು ಹಿಡಿದೆ. ಒಂದು ಹನಿ ಹೊರಗೆ ಬೀಳದ ಹಾಗೆ ಮಣಿಕಟ್ಟು ತಿರುಗಿಸುವ ಕೈ ಅದು. ಬಂದ ದಾರಿ ಹಿಡಿದು ಹೋಗಿಬಿಡೋಣ ಎಂದು ತಿರುಗಿದೆ ಕೂಡ. ಅಷ್ಟರಲ್ಲಿ ಅವರೇ ನೋಡಿದರು.

"ಅಲ್ಲಾ! ನಮ್ಮ ರೋಣದ ಅಕ್ಕಾರು! ಬರ್ರಿ ಬರ್ರಿ, ಹೊರಗ್ಯಾಕ ನಿಂತೀರಿ?"

ಖುಷಿಯಿಂದ ಬೇಲಿಯ ಬಾಗಿಲು ತೆರೆದರು. ಸ್ಟೂಲು ಒರೆಸಿ ಕೂರಿಸಿದರು. ಕಲಾಯಿ ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ.

"ಬಿಟ್ನ್ಯಲ್ರಿ. ಇಲ್ಲೆ ಬಂದ ಮ್ಯಾಲ ಒಂದ ದಿನಾನೂ ಕುಲಮಿ ಹಚ್ಚಲಿಲ್ಲ. ನೀವು ಬರದದ್ದ ಕೇಳಿದ ಮ್ಯಾಲ ಹ್ಯಾಂಗ ಹಚ್ಚಲಿ ಹೇಳ್ರಿ? ನನ್ನ ಕೈಯಾರೆ ಆಕಿ ಎದಿ ಸುಟ್ಟೇನಿ. ಪಂಖ, ಚಿಮಟಾ ಎಲ್ಲಾ ಗುಜರಿಗೆ ಕೊಟ್ಟಬಿಟ್ನಿ. ಈಗ ಇದು ಚಲೋ ಐತ್ರಿ, ಹೊಗಿ ಇಲ್ಲದ ನೌಕರಿ. ಡೀಸೆಲ್ ಹಾಕೂದು, ಕಾಯೂದು, ಅಷ್ಟ."

ಕೋಣೆಯ ಒಳಗಿನಿಂದ ಕೆಮ್ಮು ಕೇಳಿತು. ನಾನು ಕಿವಿಯಿಂದಲೇ ಬಲ್ಲ ಕೆಮ್ಮು, ಈಗ ಇನ್ನೂ ಆಳದಿಂದ ಬರುತ್ತಿತ್ತು. ಕೋಣೆಗೂ ಜನರೇಟರಿಗೂ ನಡುವೆ ಒಂದು ಇಟ್ಟಂಗಿಯ ಗೋಡೆ. ಕಿಟಕಿ ಆ ಕಡೆಗೇ. ಒಳಗೆ ಇಣುಕಿದೆ. ಚಾಚಿ ಕಿಟಕಿಯ ಕೆಳಗೇ ಮಲಗಿದ್ದರು. ನನ್ನನ್ನು ನೋಡಿ ಎದ್ದು ಕೂರಲು ಹೋಗಿ, ಆಗದೆ, ಕೈಯೆತ್ತಿ ಸಲಾಮು ಮಾಡಿ ನಕ್ಕರು. ಮೈ ಅರ್ಧಕ್ಕರ್ಧ ಇಳಿದಿತ್ತು.

"ಚಾಚಾ, ಇವರ್ನ ಇಲ್ಲಿ ಮಲಗಿಸಬ್ಯಾಡ್ರಿ" ಎಂದೆ. "ಈ ಮಶೀನ್ ಹತ್ರ ಬ್ಯಾಡ. ತಂಗಿ ಮನ್ಯಾಗ ಇಡ್ರಿ."

"ಮಶೀನಿಂದೇನ ಕಾಟ ಇಲ್ಲ ಬಿಡ್ರಿ ಅಕ್ಕಾರ" ಎಂದು ಅವರು ನನ್ನನ್ನೇ ಸಮಾಧಾನ ಮಾಡುವಂತೆ ಹೇಳಿದರು. "ಇದರ ಹೊಗಿ ಹಗುರ ಅಲ್ರಿ? ಕಂಪನಿಯವರೂ ಏನೂ ಅಂದಿಲ್ಲ. ಆಕಿ ಹತ್ರ ಇದ್ರ ನನಗೂ ನೋಡಾಕ ಬರತೈತಿ."

ಈಗ ಹೇಳಬೇಕು ಅಂದುಕೊಂಡೆ. ಇದಕ್ಕಿಂತ ಸರಿಯಾದ ಹೊತ್ತು ಮತ್ತೆ ಬರುವುದಿಲ್ಲ. ಚಾಚಾ, ಅದು ಸುಳ್ಳು. ಹಗುರ ಎಂದು ನಾನೇ ಹುಟ್ಟಿಸಿ ಹೇಳಿದೆ. ಕುಲುಮೆಯದಲ್ಲ, ನನ್ನ ಹೊಗೆ ಅದು. ನೀವು ಏನೂ ಮಾಡಿಲ್ಲ. ಇಷ್ಟೇ ಮಾತು. ಮನಸ್ಸಿನಲ್ಲಿ ಸಾಲುಗಟ್ಟಿ ನಿಂತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು ಸ್ಟೂಲಿನ ಹತ್ತಿರ ನೆಲದ ಮೇಲೆ ಕೂತು, ಹೆಂಡತಿಗೆ ಕೇಳಿಸಬಾರದೆಂದು ದನಿ ಇಳಿಸಿದರು.

"ಒಂದ ಮಾತ ಕೇಳತೀನ್ರಿ. ದವಾಖಾನ್ಯಾಗ ಕೇಳಿದ್ರ ಗುಳಗಿ ಕೊಟ್ಟ ಕಳಸತಾರ. ನೀವು ಓದಿದವರದೀರಿ, ಖರೇ ಹೇಳ್ರಿ. ನಾ ಕುಲಮಿ ಆರಿಸಿ ನಾಕ ವರ್ಷಾತು. ಆದರೂ ಆಕಿ ಕೆಮ್ಮು ನಿಂದ್ರವಲ್ದು. ನಾ ಹಾಕಿದ ಹೊಗಿ ಆಕಿ ಎದ್ಯಾಗ ಇನ್ನೂ ಎಷ್ಟ ವರ್ಷ ಇರತೈತ್ರಿ?"

ಅವರ ಕಣ್ಣಲ್ಲಿ ನೀರಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದರೆ ಆ ಕಣ್ಣು ನನ್ನನ್ನು ಇನ್ನು ಹೇಗೆ ನೋಡಬಹುದು ಎಂಬುದೊಂದೇ ಆಗ ನನ್ನ ತಲೆಗೆ ಬಂದದ್ದು. ಒಳಗೆ ಮಲಗಿದವರ ನೆನಪು ಬರಲಿಲ್ಲ, ನೆಲದ ಮೇಲೆ ಕೂತವರ ನೆನಪೂ ಬರಲಿಲ್ಲ.

"ಇರತೈತ್ರಿ ಚಾಚಾ" ಎಂದೆ. "ಇದ್ದಲಿ ಹೊಗಿ ಅಲ್ಲೇನ್ರಿ, ಭಾಳ ವರ್ಷ ಇರತೈತಿ."

ಅವರು ತಲೆಯಾಡಿಸಿದರು. ನನ್ನ ಮಾತನ್ನು ನಂಬಿದರು. ಎದ್ದು ಒಳಗೆ ಹೋಗಿ ಚಾಚಿಯ ಎದೆಗೆ ಎಣ್ಣೆ ತಿಕ್ಕತೊಡಗಿದರು.